ಹಳೆ ಸ್ವೆಟರ್ ಕತ್ತರಿಸಿ ಹೊಸದು ಹೊಲಿಯುವವರಿಗೆ: ಮೊದಲು ಅಡ್ಡ ಯಾವುದು, ಉದ್ದ ಯಾವುದು ನೋಡಿ

ಪ್ರಶ್ನೆ: ನಮ್ಮದು ಉಡುಪಿಯ ಕುಂಜಿಬೆಟ್ಟು. ಅಣ್ಣ ದೆಹಲಿಯ ಕೆಲಸ ಮುಗಿಸಿ ಊರಿಗೆ ಬರುವಾಗ ಒಂದು ಟ್ರಂಕ್ ತುಂಬ ಸ್ವೆಟರ್ ತಂದಿದ್ದಾರೆ. 11 ಉಂಟು. ಇಲ್ಲಿ ಯಾರೂ ಹಾಕುವುದಿಲ್ಲ, ಬಿಸಾಡಲು ಮನಸ್ಸು ಬರುವುದಿಲ್ಲ. ನಾನು ಮನೆಯಲ್ಲೇ ರವಿಕೆ, ಚೂಡಿದಾರ, ನೈಟಿ ಹೊಲಿಯುವವಳು. ಪೆಡಲ್ ಮೆಷಿನ್, ಜಿಗ್‌ಜಾಗ್ (ಅಂಕುಡೊಂಕು ಹೊಲಿಗೆ) ಇಲ್ಲ. 4 ವರ್ಷದ ಮೊಮ್ಮಗನಿಗೆ ಹೊಲಿಯೋಣ ಅಂತ ಒಂದನ್ನು ಕತ್ತರಿಸಿದೆ. ಎಳೆ ಬಿಚ್ಚಿಕೊಂಡೇ ಹೋಯಿತು. ಹೊಲಿದ ಅಂಚು ಅಲೆ ಅಲೆಯಾಗಿ ಎದ್ದು ನಿಂತಿತು. ಎಲ್ಲಿ ತಪ್ಪಿತು? ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗಳಿಗೂ ಏನಾದರೂ ಹೊಲಿಯಬಹುದಾ? ಚೆನ್ನಾಗಿ ಬಂದರೆ ಮಾರಬಹುದಾ?

ಉತ್ತರ: ನಿಮ್ಮ ಹೊಲಿಗೆಯಲ್ಲಿ ದೋಷ ಇಲ್ಲ. ನೀವು ಇಷ್ಟು ದಿನ ಕತ್ತರಿಸಿದ್ದು ನೇಯ್ದ ಬಟ್ಟೆ. ಸ್ವೆಟರ್ ಹೆಣೆದ ಬಟ್ಟೆ. ಎರಡಕ್ಕೂ ಕತ್ತರಿ ಒಂದೇ ಆದರೂ ಕತ್ತರಿಸುವ ಲೆಕ್ಕ ಬೇರೆ. ಮಂಗಳೂರಿನಲ್ಲಿ ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವವರಿಗೆ ಸ್ವೆಟರ್ ಕೊಟ್ಟಾಗ, ಚೆನ್ನಾಗಿ ರವಿಕೆ ಹೊಲಿಯುವವರೇ ಮೊದಲು ಗಾಬರಿಯಾಗುವುದು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಕತ್ತರಿಸಿ ಉಳಿದ ಆ ಸ್ವೆಟರನ್ನೇ ಕೈಗೆ ತಗೊಳ್ಳಿ. ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿ. ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕಾಣುವ ಕುಣಿಕೆಗಳು ಒಂದರ ಮೇಲೊಂದು ಕಂಬದ ಹಾಗೆ ನಿಂತಿವೆ. ಒಂದು ಕುಣಿಕೆಯ ಹೊಟ್ಟೆಯೊಳಗಿಂದ ಮೇಲಿನ ಕುಣಿಕೆ ಹೊರಟಿದೆ. ಆದರೆ ನೂಲು ಮಾತ್ರ ಅಡ್ಡಡ್ಡ ಓಡಿದೆ, ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ಹತ್ತಿದೆ. ಈಗ ಕತ್ತರಿಯನ್ನು ಕಂಬದ ಪಕ್ಕದಲ್ಲೇ, ಮೇಲಿಂದ ಕೆಳಕ್ಕೆ ಆಡಿಸಿ. ಅಂಚಿನಲ್ಲಿ ಚೂರು ಚೂರು ನೂಲು ಉದುರುತ್ತದೆ, ಅಷ್ಟೇ. ಎಳೆದರೂ ಹೆಚ್ಚು ಬಿಚ್ಚುವುದಿಲ್ಲ. ಇನ್ನೊಂದು ಕಡೆ ಅಡ್ಡಕ್ಕೆ ಕತ್ತರಿಸಿ. ಒಂದು ಸಾಲು ಕುಣಿಕೆಗಳೆಲ್ಲ ಆಧಾರ ತಪ್ಪಿ ಬಾಯಿ ತೆರೆದು ನಿಂತುಬಿಡುತ್ತವೆ. ಸ್ವಲ್ಪ ಎಳೆದರೆ ಸಾಕು, ಒಂದೊಂದಾಗಿ ಜಾರುತ್ತಾ ಕೆಳಗಿನವರೆಗೂ ಏಣಿಯಂತೆ ಗೆರೆ ಬೀಳುತ್ತದೆ. ನಿಮಗೆ ಆದದ್ದು ಇದೇ.

ಅಲೆ ಬಂದದ್ದಕ್ಕೂ ಅಡ್ಡವೇ ಕಾರಣ. ಹೆಣೆದ ಬಟ್ಟೆ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಉದ್ದಕ್ಕೆ ಕಮ್ಮಿ. ಮೆಷಿನ್ನಿನ ಪಾದ ಮೇಲಿನಿಂದ ಒತ್ತುತ್ತದೆ, ಕೆಳಗಿನ ಹಲ್ಲುಗಳು ಬಟ್ಟೆಯನ್ನು ಎಳೆಯುತ್ತವೆ. ಮಧ್ಯದಲ್ಲಿ ಸಿಕ್ಕ ಕುಣಿಕೆ ಹಿಗ್ಗಿದ ಸ್ಥಿತಿಯಲ್ಲೇ ಹೊಲಿದುಹೋಗುತ್ತದೆ. ಆಮೇಲೆ ಅದು ಮೊದಲಿನ ಅಳತೆಗೆ ಬರಲು ದಾರ ಬಿಡುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ಅಡ್ಡ ಕತ್ತರಿಸುವುದನ್ನು ಆದಷ್ಟು ಕಮ್ಮಿ ಮಾಡಿ. ಸ್ವೆಟರ್‌ನ ಕೆಳಗಿನ ರಿಬ್ (ಗೆರೆಗೆರೆಯಾಗಿ ಹೆಣೆದ, ಹಿಗ್ಗಿ ಕುಗ್ಗುವ ಪಟ್ಟಿ) ಬಾರ್ಡರ್, ತೋಳಿನ ಕೊನೆಯ ರಿಬ್, ಇವು ಆಗಲೇ ಮುಗಿಸಿ ಕಟ್ಟಿದ ಅಡ್ಡ ಅಂಚುಗಳು. ಕಾರ್ಖಾನೆಯಲ್ಲೋ ಯಾರದೋ ಕೈಯಲ್ಲೋ ಆ ಕೆಲಸ ಅಚ್ಚುಕಟ್ಟಾಗಿ ಆಗಿದೆ. ಅದನ್ನು ಕತ್ತರಿಸಿ ಬಿಸಾಡಿ, ಪುನಃ ಅಂಚು ಮಡಚಿ ಹೊಲಿಯಲು ಯಾಕೆ ಕಷ್ಟಪಡುವುದು? ಹೊಸ ಬಟ್ಟೆಯ ಕೆಳಗಿನ ಅಂಚು ಹಳೆ ರಿಬ್ಬಿನ ಮೇಲೇ ಕೂರುವ ಹಾಗೆ ಪ್ಯಾಟರ್ನ್ ಇಡಿ. ಲೆಕ್ಕವನ್ನು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ರವಿಕೆಗೆ ನಾವು ಭುಜದಿಂದ ಕೆಳಕ್ಕೆ ಗುರುತು ಹಾಕುತ್ತೇವೆ ಅಲ್ವಾ, ಇಲ್ಲಿ ತಿರುಗಿಸಿ.

ಕತ್ತರಿ ಹಿಡಿಯುವ ಮೊದಲು 11 ಸ್ವೆಟರನ್ನೂ ವಿಂಗಡಿಸಬೇಕು. ದೆಹಲಿ ಕಡೆಯ ಸ್ವೆಟರ್ ಅಂದರೆ ಹೆಚ್ಚಿನವು ಲೂಧಿಯಾನದ ಮಾಲು. ಅದರಲ್ಲಿ ಉಣ್ಣೆಯೂ ಉಂಟು, ಅಕ್ರಿಲಿಕ್ ಅನ್ನುವ ಕೃತಕ ನೂಲೂ ಉಂಟು, ಎರಡೂ ಬೆರೆಸಿದ್ದೂ ಉಂಟು. ಅಂಗಡಿಯಲ್ಲಿ ಕ್ಯಾಶ್ಮಿಲಾನ್ ಅಂತ ಕೊಡುವುದು ಅಕ್ರಿಲಿಕ್ ನೂಲೇ. ಹೆಸರು ಕೇಳಿ ಕಾಶ್ಮೀರದ ಉಣ್ಣೆ ಅಂದುಕೊಳ್ಳಬೇಡಿ. ಲೇಬಲ್ ಇದ್ದರೆ ಓದಿ. ಇಲ್ಲದಿದ್ದರೆ ಒಳಗಿನ ಹೊಲಿಗೆಯ ಹತ್ತಿರದಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಪಾತ್ರೆ ಇಟ್ಟು, ಬೆಂಕಿ ತಾಗಿಸಿ. ಉಣ್ಣೆಯಾದರೆ ನಿಧಾನ ಉರಿಯುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗುತ್ತಾ ಜೋರಾಗಿ ಉರಿದು ಕಪ್ಪು ಹೊಗೆ ಬಿಡುತ್ತದೆ, ಕೊನೆಯಲ್ಲಿ ಗಟ್ಟಿ ಕಪ್ಪು ಗಂಟು ಉಳಿಯುತ್ತದೆ. ಹತ್ತಿ ಕಾಗದದ ವಾಸನೆ ಕೊಟ್ಟು ಮೆತ್ತಗಿನ ಬೂದಿ ಆಗುತ್ತದೆ.

ಬೆರಕೆಯೋ ಅಂತ ಅನುಮಾನ ಬಂದರೆ ಇನ್ನೊಂದು ಪರೀಕ್ಷೆ ಉಂಟು. ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಸ್ವಲ್ಪ ಒಂದು ಗಾಜಿನ ಲೋಟದಲ್ಲಿ ಹಾಕಿ, ಆ ಎಳೆಯನ್ನು ರಾತ್ರಿ ಮುಳುಗಿಸಿಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಉಣ್ಣೆ ಪೂರ್ತಿ ಕರಗಿಹೋಗುತ್ತದೆ, ಅಕ್ರಿಲಿಕ್ ಹಾಗೇ ಉಳಿಯುತ್ತದೆ. ಉಣ್ಣೆಗೆ ಬ್ಲೀಚ್ ಯಾಕೆ ತಾಗಿಸಬಾರದು ಅನ್ನುವುದೂ ಇದರಲ್ಲೇ ಕಾಣುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಮುಂದಿನ ಪ್ರತಿ ಹೆಜ್ಜೆಯೂ ಇದರ ಮೇಲೆ ನಿಂತಿದೆ. ಉಣ್ಣೆಯ ಅಂಚು ಅಲೆಯಾದರೆ ಇಸ್ತ್ರಿಪೆಟ್ಟಿಗೆಯ ಹಬೆ ಕೊಟ್ಟು, ಕೈಯಲ್ಲಿ ಒತ್ತಿ ಒತ್ತಿ ತಣಿಯಲು ಬಿಟ್ಟರೆ ಬಹುಪಾಲು ಸರಿಯಾಗುತ್ತದೆ. ಅಕ್ರಿಲಿಕ್‌ಗೆ ಅದೇ ಹಬೆ ಕೊಟ್ಟರೆ ಜೀವ ಹೋಗುತ್ತದೆ. ಜೋತುಬೀಳುತ್ತದೆ, ಮತ್ತೆ ಎಂದೂ ಪುಟಿಯುವುದಿಲ್ಲ. ನೇರ ಇಸ್ತ್ರಿ ಇಟ್ಟರೆ ಕರಗಿ ಹೊಳಪು ಬರುತ್ತದೆ. ಹಾಗಾಗಿ ಅಕ್ರಿಲಿಕ್ ರಾಶಿಯನ್ನು ಬೇರೆ ಇಡಿ. ಅದು ಕೆಟ್ಟದ್ದು ಅಂತ ಅಲ್ಲ. ಮೊಮ್ಮಗನ ಬಟ್ಟೆಗೆ ಅದೇ ಒಳ್ಳೆಯದು: ಚುಚ್ಚುವುದಿಲ್ಲ, ದಿನಾ ಒಗೆದರೂ ತಡೆಯುತ್ತದೆ, ಹುಳ ತಿನ್ನುವುದಿಲ್ಲ.

ಹುಳದ ಮಾತು ಬಂತು. ನಮ್ಮ ಕರಾವಳಿಯಲ್ಲಿ ಉಣ್ಣೆಗೆ ಇದೇ ದೊಡ್ಡ ಶತ್ರು. ಗೋಡೆಯ ಮೇಲೆ, ಮೂಲೆಯಲ್ಲಿ, ಬೂದು ಬಣ್ಣದ ಚಪ್ಪಟೆ ಗೂಡೊಂದು ತೆವಳುವುದನ್ನು ನೋಡಿದ್ದೀರಲ್ಲ? ಎರಡೂ ತುದಿಯಲ್ಲಿ ಬಾಯಿ ಇರುವ, ಸೌತೆ ಬೀಜದ ಗಾತ್ರದ ಗೂಡು. ಅದರೊಳಗಿನ ಮರಿಹುಳ ಉಣ್ಣೆ, ಕೂದಲು, ಜೇಡರ ಬಲೆ ತಿನ್ನುತ್ತದೆ. ತೇವ ಇರುವ ಮನೆ ಅದಕ್ಕೆ ಇಷ್ಟ. ಬಟ್ಟೆ ತಿನ್ನುವ ಬೇರೆ ಪತಂಗಗಳೂ ಉಂಟು. ತಿನ್ನುವುದು ಮರಿ, ಹಾರುವ ಪತಂಗ ಅಲ್ಲ. ಬೆವರು, ಸಾರು, ಎಣ್ಣೆಯ ಕಲೆ ಇರುವಲ್ಲೇ ಮೊದಲು ಬಾಯಿ ಹಾಕುತ್ತದೆ. ಕಂಕುಳು, ಕೊರಳು ನೋಡಿ, ಅಲ್ಲೇ ತೂತು.

ಟ್ರಂಕ್ ಎಷ್ಟು ವರ್ಷ ಮುಚ್ಚಿತ್ತೋ ಗೊತ್ತಿಲ್ಲ. ಹಾಗಾಗಿ ಸ್ವೆಟರ್‌ಗಳನ್ನು ನಿಮ್ಮ ರೇಷ್ಮೆ ಸೀರೆಯ ಕಪಾಟಿನ ಹತ್ತಿರ ಒಯ್ಯಬೇಡಿ. ಒಂದೊಂದನ್ನೂ ಅಂಗಳದಲ್ಲಿ ಕೊಡವಿ, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್ ಆದರೆ ಒಂದು ವಾರ. ಮನೆಯ ಫ್ರಿಜ್ಜಿನ ಮೇಲಿನ ಖಾನೆ ಅಷ್ಟು ತಣ್ಣಗಿರುವುದಿಲ್ಲ, ಎರಡು ವಾರ ಬಿಡಿ. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬಾರದು. ಬಿಚ್ಚಿದರೆ ನಮ್ಮ ಹವೆಯ ತೇವವೆಲ್ಲ ಸ್ವೆಟರಿನ ಮೇಲೆ ನೀರಾಗಿ ಕೂರುತ್ತದೆ.

ಆಮೇಲೆ ಒಗೆಯಿರಿ. ಉಣ್ಣೆಗೆ ಅಂಟುವಾಳದಷ್ಟು ಒಳ್ಳೆಯದು ಬೇರೆ ಇಲ್ಲ. ನಮ್ಮ ಅಜ್ಜಿಯಂದಿರು ರೇಷ್ಮೆ ಒಗೆಯುತ್ತಿದ್ದದ್ದೂ ಅದರಲ್ಲೇ. ಎಂಟು ಹತ್ತು ಕಾಯಿ ಜಜ್ಜಿ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಗ್ಗೆ ಕಿವುಚಿ ಸೋಸಿ, ತಣ್ಣೀರಿಗೆ ಹಾಕಿ. ಸ್ವೆಟರನ್ನು ಅದರಲ್ಲಿ ಅದ್ದಿ ಒತ್ತಬೇಕು, ಉಜ್ಜಬಾರದು, ಹಿಂಡಬಾರದು. ಟವೆಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಚಾಪೆಯ ಮೇಲೆ ಹರಡಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಈ ಕೆಲಸವನ್ನು ದಯವಿಟ್ಟು ಮಳೆಗಾಲದಲ್ಲಿ ಮಾಡಬೇಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿದರೂ ಮುಟ್ಟಿದಾಗ ಒದ್ದೆ ಅನ್ನಿಸುವುದಿಲ್ಲ. ಒಣಗಿತು ಅಂದುಕೊಂಡು ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ.

ಈಗ ನಿಮ್ಮ ಮೆಷಿನ್. ಜಿಗ್‌ಜಾಗ್ ಇಲ್ಲ ಅಂತ ಬೇಸರ ಬೇಡ. ಕೆಲಸವನ್ನು ಹಂಚಿಕೊಂಡರೆ ಆಯಿತು. ಪಕ್ಕದ ಹೊಲಿಗೆ, ತೋಳಿನ ಅಡಿಯ ಹೊಲಿಗೆ, ಇವು ಉದ್ದಕ್ಕೆ ಹೋಗುತ್ತವೆ, ಹೆಚ್ಚು ಹಿಗ್ಗುವ ಅಗತ್ಯ ಇಲ್ಲ. ನೇರ ಹೊಲಿಗೆ ಸಾಕು, ಟಾಕ ಮಾತ್ರ ದೊಡ್ಡದಿರಲಿ, 3 ಮಿಲಿಮೀಟರಿನಷ್ಟು. ಕೊರಳು, ಕಂಕುಳಿನ ಸುತ್ತು ಹಿಗ್ಗಬೇಕಾದ ಜಾಗಗಳು. ಅಲ್ಲಿ ನೇರ ಹೊಲಿಗೆ ಹಾಕಿದರೆ ಬಟ್ಟೆ ತೊಡುವಾಗಲೇ ದಾರ ಪಟಪಟ ಹರಿಯುತ್ತದೆ. ಸೀರೆಗೆ ಫಾಲ್ಸ್ ಹೊಲಿದು ಪೀಕೋ ಹಾಕುವವರು ನಿಮ್ಮ ರಥಬೀದಿಯ ಸುತ್ತಲೂ ಇದ್ದಾರೆ, ಇಲ್ಲಿ ಹಂಪನಕಟ್ಟೆಯಲ್ಲೂ ಇದ್ದಾರೆ. ಪೀಕೋ ಮೆಷಿನ್ ಅಂದರೆ ಜಿಗ್‌ಜಾಗ್ ಮೆಷಿನ್ನೇ. ಸೀರೆಗೆ ಹಾಕುವ ಹಾಗೆ ಒತ್ತೊತ್ತಾಗಿ ಬೇಡ, ಅಗಲ 3 ಮಿಲಿಮೀಟರ್, ಟಾಕ ಒಂದೂವರೆ ಮಿಲಿಮೀಟರ್ ಇರಲಿ ಅಂತ ಹೇಳಿ. ನಾಲ್ಕು ದಾರದ ಓವರ್‌ಲಾಕ್ ಇರುವ ಕಡೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದು ಹೊಲಿಯುತ್ತಾ ಅಂಚನ್ನೂ ಕಟ್ಟುತ್ತದೆ. ಹೋಗುವಷ್ಟು ಪುರುಸೊತ್ತಿಲ್ಲದಿದ್ದರೆ ಕೈಯಲ್ಲೇ ಹಿಂದೆ-ಮುಂದೆ ಟಾಕ ಹಾಕಿ ಹೊಲಿಯಿರಿ. ನಿಜ ಹೇಳಬೇಕೆಂದರೆ ಮಗುವಿನ ಕೊರಳಿಗೆ ನನಗೆ ಕೈಹೊಲಿಗೆಯೇ ಇಷ್ಟ. ಎಷ್ಟು ಬೇಕೋ ಅಷ್ಟೇ ಸಡಿಲ ಕೊಡಬಹುದು.

ಸೂಜಿ ಬದಲಿಸಿ. ಚೂಪು ಸೂಜಿ ನೂಲನ್ನೇ ಕತ್ತರಿಸುತ್ತದೆ, ಅಲ್ಲಿಂದ ಏಣಿ ಶುರು. ಬನಿಯನ್ ಬಟ್ಟೆಗೆ ಹಾಕುವ ಬಾಲ್ ಪಾಯಿಂಟ್ ಸೂಜಿ ಅಂತ ಕೇಳಿ, ನಿಮ್ಮ ಹಳೆ ಸೂಜಿಯನ್ನು ಅಂಗಡಿಗೆ ಒಯ್ದು ಜೋಡಿ ನೋಡಿಯೇ ತನ್ನಿ. ತೆಳು ಸ್ವೆಟರಿಗೆ 14 ನಂಬರ್, ದಪ್ಪಕ್ಕೆ 16. ದಾರ ಪಾಲಿಯೆಸ್ಟರಿನದ್ದು. ಪಾದದ ಕಂಬಿಯ ನೆತ್ತಿಯ ಮೇಲೆ ಇರುವ ತಿರುಪನ್ನು ಸಡಿಲ ಮಾಡಿದರೆ ಒತ್ತಡ ಕಮ್ಮಿಯಾಗುತ್ತದೆ. ತುಂಬ ಜನ ವರ್ಷಗಟ್ಟಲೆ ಹೊಲಿದರೂ ಅದನ್ನು ಮುಟ್ಟಿರುವುದಿಲ್ಲ. ಆಮೇಲೂ ಬಟ್ಟೆ ಎಳೆದುಕೊಂಡರೆ ಕೆಳಗೆ ಒಂದು ತೆಳು ಬಿಳಿ ಕಾಗದದ ಪಟ್ಟಿ ಇಟ್ಟು ಒಟ್ಟಿಗೆ ಹೊಲಿಯಿರಿ, ಆಮೇಲೆ ಹರಿದು ತೆಗೆಯಿರಿ. ಪೇಪರ್ ಅಂತ ಉದಯವಾಣಿ ಇಡಬೇಡಿ, ಶಾಯಿ ಹಿಡಿಯುತ್ತದೆ.

ಭುಜಕ್ಕೆ ಮಾತ್ರ ಒಂದು ಆಧಾರ ಬೇಕೇ ಬೇಕು. ಇಡೀ ಸ್ವೆಟರಿನ ಭಾರ ಅಲ್ಲೇ ತೂಗುವುದು. ಹಳೆ ಪಂಚೆಯ ಅಂಚನ್ನು ಅರ್ಧ ಇಂಚು ಅಗಲಕ್ಕೆ ಕತ್ತರಿಸಿ, ಭುಜದ ಹೊಲಿಗೆಯ ಜೊತೆ ಸೇರಿಸಿ ಹೊಲಿಯಿರಿ. ನೇಯ್ದ ಅಂಚು ಹಿಗ್ಗುವುದಿಲ್ಲ, ಒಗೆದು ಒಗೆದು ಮೆತ್ತಗಾಗಿರುವುದರಿಂದ ಮೈಗೂ ಚುಚ್ಚುವುದಿಲ್ಲ. ಅಂಗಡಿಯ ಟೇಪಿಗಿಂತ ನಾನು ಇದನ್ನೇ ಮೆಚ್ಚುತ್ತೇನೆ.

ಮೊಮ್ಮಗನ ಸ್ವೆಟರ್ ಈಗ ಲೆಕ್ಕ ಹಾಕೋಣ. 4 ವರ್ಷದ ಮಗುವಿನ ಎದೆ ಸುಮಾರು 22 ಇಂಚು. ಮೇಲೆ ಹಾಕುವ ಬಟ್ಟೆ ಅಂದರೆ 26 ಇರಲಿ. ಅಂದರೆ ಮುಂದೆ 13, ಹಿಂದೆ 13, ಹೊಲಿಗೆಗೆ ಎರಡೂ ಪಕ್ಕ ಅರ್ಧರ್ಧ ಇಂಚು, ಒಟ್ಟು 14. ನಿಮ್ಮ ಅಣ್ಣನ ಸ್ವೆಟರ್ ಹಾಸಿದರೆ 22 ಇಂಚು ಅಗಲ ಇದ್ದೀತು. ಕೊರಳಿನ ಮಧ್ಯ, ಕೆಳಗಿನ ಬಾರ್ಡರಿನ ಮಧ್ಯ, ಎರಡನ್ನೂ ಸೇರಿಸಿ ದಾರದಲ್ಲಿ ಗುರುತು ಹಾಕಿ. ಚಾಕ್‌ಪೀಸಿನ ಗೆರೆ ಹೆಣಿಗೆಯ ಮೇಲೆ ಸರಿಯಾಗಿ ಮೂಡುವುದಿಲ್ಲ. ಕಾಗದದ ಪ್ಯಾಟರ್ನನ್ನು ಆ ಗೆರೆಯ ಮೇಲೆ ಇಟ್ಟು, ಕೆಳ ಅಂಚು ರಿಬ್ಬಿನ ಕೊನೆಗೆ ಸರಿಯಾಗಿ ಕೂರಿಸಿ. ಉದ್ದ 15 ಇಂಚು.

ಪಿನ್ ಚುಚ್ಚಿದ ಮೇಲೆ, ಕತ್ತರಿಸುವ ಮೊದಲು, ಪ್ಯಾಟರ್ನಿನ ಸುತ್ತ ಕಾಲು ಇಂಚು ಒಳಗೆ ಒಂದು ಸಾಲು ಹೊಲಿಗೆ ಓಡಿಸಿ. ಮುಂಭಾಗ ಬೇರೆ, ಹಿಂಭಾಗ ಬೇರೆ. ಹೊಲಿದು ಆಮೇಲೆ ಕತ್ತರಿಸುವುದು, ಈ ಕ್ರಮ ಒಂದು ಹಿಡಿದರೆ ಎಳೆ ಬಿಡುವ ತೊಂದರೆ ಮುಗಿಯಿತು. ಆ ಸಾಲು ಕುಣಿಕೆಗಳನ್ನು ಹಿಡಿದುಕೊಂಡಿರುತ್ತದೆ. ಕೊರಳು, ಕಂಕುಳಿನ ಸುತ್ತ ಮಾತ್ರ ಮೆಷಿನ್ ಬೇಡ, ಕೈಯಲ್ಲಿ ಸಡಿಲ ಟಾಕ ಹಾಕಿ, ಪಟ್ಟಿ, ತೋಳು ಸೇರಿಸಿದ ಮೇಲೆ ಅದನ್ನು ಬಿಚ್ಚಿಬಿಡಿ.

ತೋಳಿಗೆ ದೊಡ್ಡ ಸ್ವೆಟರಿನ ತೋಳಿನ ಕೆಳಭಾಗವನ್ನೇ ತೆಗೆಯಿರಿ. ಮಣಿಕಟ್ಟಿನ ರಿಬ್ಬಿನಿಂದ ಮೇಲಕ್ಕೆ 12 ಇಂಚು ಅಳೆದರೆ ಮಗುವಿಗೆ ಪೂರ್ತಿ ತೋಳು. ಅದು ಮೇಲಕ್ಕೆ ಹೋದ ಹಾಗೆ ತಾನೇ ಅಗಲವಾಗುತ್ತಾ ಹೋಗುವುದರಿಂದ ಆಕಾರವೂ ಬಂದಿರುತ್ತದೆ. ರಿಬ್ ಸಡಿಲವಾದರೆ ತೋಳಿನ ಅಡಿಯ ಹೊಲಿಗೆಯಲ್ಲೇ ಒಂದೆರಡು ಇಂಚು ಒಳಗೆ ತೆಗೆದುಕೊಳ್ಳಿ.

ಕೊರಳು ಸ್ವಲ್ಪ ಯೋಚಿಸಬೇಕಾದ ಜಾಗ. ಮಗುವಿನ ಕೊರಳ ಸುತ್ತು 14 ಇಂಚು ಕತ್ತರಿಸುತ್ತೀರಿ, ಆದರೆ ಮಗುವಿನ ತಲೆ 20 ಇಂಚು. ಕೊರಳಿನ ಪಟ್ಟಿಯನ್ನು ಕೊರಳಿಗಿಂತ ಐದರಲ್ಲಿ ಒಂದು ಪಾಲು ಕಮ್ಮಿ ಇಟ್ಟರೇ ಅದು ಮೈಗೆ ಒತ್ತಿ ಕೂರುವುದು, ಅಂದರೆ 11 ಇಂಚು ಚಿಲ್ಲರೆ. ಅದು 20ಕ್ಕೆ ಹಿಗ್ಗಬೇಕೆಂದರೆ ಕಷ್ಟ, ಮಗು ಅಳುತ್ತದೆ. ಒಂದು ಭುಜವನ್ನು ಹೊಲಿಯದೆ ಬಿಟ್ಟು, ಎರಡೂ ಅಂಚಿಗೆ ಪಂಚೆಯ ಪಟ್ಟಿ ಕೊಟ್ಟು, ಎರಡು ಗುಂಡಿ ಇಡಿ. ಆ ಭುಜದಲ್ಲಿ ಒಂದು ಅಂಚು ಇನ್ನೊಂದರ ಕೆಳಗೆ ಬರಬೇಕಲ್ಲ, ಹಾಗಾಗಿ ಹಿಂಭಾಗಕ್ಕೆ ಒಂದು ಇಂಚು ಜಾಸ್ತಿ ಬಿಟ್ಟೇ ಕತ್ತರಿಸಿ. ಪಟ್ಟಿಗೆ ಬೇರೆ ಬಟ್ಟೆ ಹುಡುಕುವುದು ಬೇಡ. ಪಕ್ಕದಲ್ಲಿ ಉಳಿದ ತುಂಡುಗಳಿವೆಯಲ್ಲ, ಒಂದೊಂದು ಪಕ್ಕದಲ್ಲೂ ಮುಂದಿನ ನಾಲ್ಕು ಇಂಚು, ಹಿಂದಿನ ನಾಲ್ಕು ಇಂಚು ಹಳೆ ಪಕ್ಕದ ಹೊಲಿಗೆಯಲ್ಲಿ ಸೇರಿಕೊಂಡೇ ಇವೆ. ಅದರ ಕೆಳಗಿನ ರಿಬ್ಬನ್ನು ಅರ್ಧ ಇಂಚು ಮೇಲಿನ ಹೆಣಿಗೆ ಸಮೇತ ಕತ್ತರಿಸಿದರೆ 8 ಇಂಚಿನ ಎರಡು ಪಟ್ಟಿ ಸಿಕ್ಕಿತು. ಜೋಡಿಸಿ 11 ಇಂಚಿಗೆ ಬೇಕಾದಷ್ಟು ತೆಗೆದುಕೊಂಡು, ಮುಗಿದ ಅಂಚು ಮೇಲೆ ಬರುವ ಹಾಗೆ ಕೊರಳಿಗೆ ಕೂಡಿಸಿ. ಮಡಚುವ ಕೆಲಸವೂ ಇಲ್ಲ. ಕೊರಳನ್ನೂ ಪಟ್ಟಿಯನ್ನೂ ನಾಲ್ಕು ಸಮಪಾಲು ಮಾಡಿ ಪಿನ್ ಚುಚ್ಚಿಕೊಳ್ಳಿ, ಹೊಲಿಯುವಾಗ ಪಟ್ಟಿಯನ್ನು ಮಾತ್ರ ಎಳೆಯಿರಿ, ಮೈಬಟ್ಟೆಯನ್ನು ಎಳೆಯಬೇಡಿ.

ಮಗಳಿಗೆ ನನ್ನ ಆಯ್ಕೆ ಮುಂದೆ ತೆರೆಯುವ ಸ್ವೆಟರ್. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನ ಬಿಸಿಲು. ಊರಿಗೆ ಬರುವ ರಾತ್ರಿ ಬಸ್ಸಿನಲ್ಲಿ ಏಸಿ. ತಲೆಯ ಮೇಲಿಂದ ಎಳೆದು ತೆಗೆಯುವುದಕ್ಕಿಂತ ತೆರೆದು ಹಾಕಿಕೊಳ್ಳುವುದೇ ಹಿತ. ಇದಕ್ಕೆ ಒಳ್ಳೆಯ ತೆಳು ಉಣ್ಣೆಯ ಪುಲ್ಲೋವರ್ ಒಂದನ್ನು ತೆಗೆದಿಡಿ. ಎದೆಯ ನಟ್ಟನಡುವಿನ ಒಂದು ಕಂಬವನ್ನು ಕೊರಳಿನಿಂದ ಕೆಳಗಿನವರೆಗೆ ಬೇರೆ ಬಣ್ಣದ ದಾರದಲ್ಲಿ ಗುರುತಿಸಿ. ಕಣ್ಣಂದಾಜು ಬೇಡ, ಅದೇ ಕಂಬದಲ್ಲೇ ಇಳಿಯಬೇಕು, ಇಲ್ಲದಿದ್ದರೆ ಎರಡು ಬದಿ ಸಮ ಬರುವುದಿಲ್ಲ. ಗುರುತಿನ ಎರಡೂ ಪಕ್ಕ ಕಾಲು ಇಂಚು ಬಿಟ್ಟು ಎರಡೆರಡು ಸಾಲು ಹೊಲಿದು, ನಡುವೆ ಕತ್ತರಿಸಿ. ಇದು ಉದ್ದದ ಕತ್ತರಿ, ಹೆದರಿಕೆ ಇಲ್ಲ.

ಆ ಅಂಚಿಗೆ ಹಳೆ ಹತ್ತಿ ಸೀರೆಯ ಬಾರ್ಡರ್ ಕೊಡಿ. ಮೊದಲು ಬಾರ್ಡರನ್ನು ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿ, ಬಣ್ಣ ಬಿಡುತ್ತದೆಯಾ ನೋಡಿ. ಸ್ವೆಟರನ್ನು ಮೇಜಿನ ಮೇಲೆ ಸುಮ್ನೆ ಮಲಗಿಸಿ, ಎಳೆಯದೆ ಉದ್ದ ಅಳೆಯಿರಿ, ಬಾರ್ಡರನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗೆ ಮಡಚಲು ಅರ್ಧ ಇಂಚು ಬಿಡಿ. ಈಗ ಅಂಚು ಅಲೆಯಾಗಲು ಸಾಧ್ಯವೇ ಇಲ್ಲ, ಬಾರ್ಡರ್ ಬಿಡುವುದಿಲ್ಲ. ಒಳಗಡೆ ಹೊಲಿದರೆ ಗೊತ್ತಾಗದು, ಹೊರಗಡೆ ಹೊಲಿದರೆ ಅದೇ ಅಲಂಕಾರ. ಕಪ್ಪು ಸ್ವೆಟರಿಗೆ ಕೆಂಪು ಬಾರ್ಡರ್ ಎಷ್ಟು ಚಂದ ಅಂತ ಹೊಲಿದು ನೋಡಿಯೇ ತಿಳಿಯಬೇಕು. ಗುಂಡಿಮನೆಯೂ ಬಾರ್ಡರಿನ ಮೇಲೇ ಬರುವುದರಿಂದ ಜಗ್ಗುವುದಿಲ್ಲ.

ತೋಳಿಲ್ಲದ ಸ್ವೆಟರ್ ಅಂತೂ ಸುಲಭ. ತೋಳಿನ ಹೊಲಿಗೆ ಬಿಚ್ಚಿ, ಕಂಕುಳಿಗೆ ರಿಬ್ ಪಟ್ಟಿ. ಎರಡು ಸ್ವೆಟರ್ ಜೋಡಿಸಿ ಒಂದು ಮಾಡುವುದಾದರೆ ದಪ್ಪ ಒಂದೇ ಇರಲಿ, ನೂಲಿನ ಜಾತಿಯೂ ಒಂದೇ ಇರಲಿ. ಉಣ್ಣೆಗೆ ಅಕ್ರಿಲಿಕ್ ಜೋಡಿಸಿದರೆ ಒಗೆದಾಗ ಒಂದು ಕುಗ್ಗಿ ಇನ್ನೊಂದು ಹಾಗೇ ನಿಲ್ಲುತ್ತದೆ.

ಹುಳ ತಿಂದು ತೂತಾದ ಶುದ್ಧ ಉಣ್ಣೆಯ ಸ್ವೆಟರ್ ಇದ್ದರೆ ಅದಕ್ಕೆ ಬೇರೆಯೇ ದಾರಿ. ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಕಣ್ಣಿಗೆ ಕಾಣದ ಸಣ್ಣ ಪದರುಗಳಿವೆ, ಮೀನಿನ ಪರೆಯ ಹಾಗೆ. ಬಿಸಿನೀರು, ಸೋಪು, ಉಜ್ಜುವುದು, ಮೂರೂ ಸೇರಿದರೆ ಆ ಪರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಕಂಬಳಿಯಂತೆ ದಪ್ಪಗಾಗುತ್ತದೆ. ಆಮೇಲೆ ಅಡ್ಡ, ಉದ್ದ, ಓರೆ, ಹೇಗೆ ಕತ್ತರಿಸಿದರೂ ಎಳೆ ಬಿಡುವುದಿಲ್ಲ. ಅಂಚು ಮಡಚುವುದೂ ಬೇಡ. ನಮ್ಮಲ್ಲಿ ಹೆಚ್ಚಿನ ಮನೆಯ ವಾಷಿಂಗ್ ಮೆಷಿನ್ ತಣ್ಣೀರಿನದ್ದು, ಅದರಿಂದ ಆಗದು. ಬಚ್ಚಲಿನ ಹಂಡೆ, ಬಾವಿಕಟ್ಟೆಯ ಒಗೆಯುವ ಕಲ್ಲು, ಇವೆರಡು ಇದ್ದರೆ ಅದಕ್ಕಿಂತ ಚೆನ್ನಾಗಿ ಆಗುತ್ತದೆ. ರಬ್ಬರ್ ಗ್ಲೌಸ್ ಹಾಕಿಕೊಂಡು, ಕೈ ತಡೆಯುವಷ್ಟು ಬಿಸಿ ನೀರಿಗೆ ಬಾರ್ ಸೋಪು ಹೆರೆದು ಹಾಕಿ, ಸ್ವೆಟರ್ ಮುಳುಗಿಸಿ, ಕಲ್ಲಿನ ಮೇಲೆ ಚೆನ್ನಾಗಿ ತಿಕ್ಕಿ. ತಣ್ಣೀರಲ್ಲಿ ಅದ್ದಿ ಮತ್ತೆ ಬಿಸಿಗೆ ಹಾಕಿ. ಕುಣಿಕೆಯ ಆಕಾರ ಕಣ್ಣಿಗೆ ಕಾಣದಾದಾಗ ನಿಲ್ಲಿಸಿ. ಮೂರರಲ್ಲಿ ಒಂದು ಪಾಲಿನವರೆಗೂ ಕುಗ್ಗಬಹುದು, ಸಾಮಾನ್ಯವಾಗಿ ಉದ್ದದಲ್ಲೇ ಜಾಸ್ತಿ. ಹಾಗಾಗಿ ಮೊದಲು ಕುಗ್ಗಿಸಿ, ಆಮೇಲೆ ಅಳತೆ. ರಿಬ್ಬಿನ ಪುಟಿತ ಇದರಲ್ಲಿ ಹೋಗುತ್ತದೆ, ಅದು ನೆನಪಿರಲಿ. ಲೇಬಲಿನಲ್ಲಿ 'ಸೂಪರ್‌ವಾಶ್' ಅಂತ ಇದ್ದರೆ ಎಷ್ಟು ತಿಕ್ಕಿದರೂ ಆಗದು, ಕಾರ್ಖಾನೆಯಲ್ಲೇ ಆ ಪರೆಗಳನ್ನು ನಯ ಮಾಡಿರುತ್ತಾರೆ. ಇಂಥ ದಪ್ಪ ಬಟ್ಟೆ ನಮ್ಮ ಊರಿನ ಮೈಗೆ ಸೆಕೆ. ಮಗಳಿಗೆ ಮನೆಯೊಳಗೆ ಹಾಕುವ ಚಪ್ಪಲಿ, ಕಿವಿ ಮುಚ್ಚುವ ಟೋಪಿ, ಮಡಿಕೇರಿ ಕಡೆ ನೆಂಟರಿದ್ದರೆ ಅವರ ಮಗುವಿಗೆ ಒಂದು ಕೋಟು, ಅಷ್ಟಕ್ಕೆ ಚೆನ್ನ. ಒಳ್ಳೆಯ ತೆಳು ಸ್ವೆಟರನ್ನು ಮಾತ್ರ ಹೀಗೆ ಕುಗ್ಗಿಸಲು ನನಗೆ ಮನಸ್ಸಾಗದು.

ಉಳಿದ ಚೂರುಗಳನ್ನು ಚೌಕ ಮಾಡಿ ಕೌದಿಗೆ ಹಾಕಿ. ಮೊಣಕೈ ಹತ್ತಿರ ಬೆಳಕಿಗೆ ಹಿಡಿದಾಗ ಜರಡಿಯಂತೆ ಕಾಣುವ ಭಾಗವನ್ನು ಯಾವುದಕ್ಕೂ ಬಳಸಬೇಡಿ, ಎಷ್ಟು ಹೊಲಿದರೂ ನಿಲ್ಲದು. ಅಂಥ ಹಳೆ ಉಣ್ಣೆಯನ್ನು ಪಾಣಿಪತ್‌ನಲ್ಲಿ ಸಿಗಿದು, ಮತ್ತೆ ನೂತು, ಅಗ್ಗದ ಕಂಬಳಿ ಮಾಡುತ್ತಾರೆ. ನಮಗೆ ಅದು ದಿಂಬಿನೊಳಗೆ ತುಂಬಲು ಆದೀತು.

ಮುಗಿದ ಬಟ್ಟೆ ಇಡುವುದರ ಬಗ್ಗೆ ಒಂದು ಎಚ್ಚರಿಕೆ. ನುಸಿಗುಳಿಗೆಯನ್ನು ಮೊಮ್ಮಗನ ಬಟ್ಟೆಯ ಜೊತೆ ಇಡಬೇಡಿ. ಅದರ ನ್ಯಾಫ್ತಲೀನ್, ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ (ಎನ್‌ಜೈಮ್) ಕೊರತೆ ಇರುವ ಮಕ್ಕಳಲ್ಲಿ ರಕ್ತಕಣ ಒಡೆಯುವಂತೆ ಮಾಡುತ್ತದೆ. ಆ ಕೊರತೆ ಇರುವುದು ಎಷ್ಟೋ ಮನೆಯಲ್ಲಿ ಗೊತ್ತೇ ಇರುವುದಿಲ್ಲ. ಒಗೆದು, ಪೂರ್ತಿ ಒಣಗಿಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮಳೆಗಾಲದ ಮಧ್ಯೆ ಬಿಸಿಲು ಬಂದ ದಿನ ಒಮ್ಮೆ ತೆಗೆದು ಕೊಡವಿದರೆ ಹುಳ ಬರುವುದಿಲ್ಲ.

ಕೊನೆಯದಾಗಿ, ಮಾರುವುದು. ಖಂಡಿತ ಮಾರಬಹುದು, ಆದರೆ ಉಡುಪಿಯಲ್ಲಿ ಸ್ವೆಟರ್ ಅಂತ ಮಾರಲು ಹೋಗಬೇಡಿ. ಬೆಂಗಳೂರಿಗೆ, ಹೊರದೇಶಕ್ಕೆ ಓದಲು ಹೋಗುವ ಮಕ್ಕಳ ತಾಯಂದಿರು ನಿಮ್ಮ ಗಿರಾಕಿಗಳು. ಸೀರೆ ಬಾರ್ಡರಿನ ಸ್ವೆಟರ್ ಅವರಿಗೆ ಇಷ್ಟವಾಗುತ್ತದೆ, ಅದರಲ್ಲೂ ಅವರದೇ ಮನೆಯ ಹಳೆ ಸೀರೆ ಆದರೆ. ಬೆಲೆ ಹಾಕುವಾಗ ಸ್ವೆಟರ್ ಪುಕ್ಕಟೆ ಬಂತಲ್ಲ ಅಂತ ಲೆಕ್ಕ ಹಾಕಬೇಡಿ. ಒಗೆದದ್ದು, ಬಿಚ್ಚಿದ್ದು, ಕೈಹೊಲಿಗೆ ಹಾಕಿದ್ದು ನಿಮ್ಮ ಹೊತ್ತು. ಒಂದು ಒಳ್ಳೆಯ ರವಿಕೆಗೆ ನೀವು ಎಷ್ಟು ಮಜೂರಿ ತಗೊಳ್ಳುತ್ತೀರೋ ಅದರ ದುಪ್ಪಟ್ಟಿಗಿಂತ ಕಮ್ಮಿ ಮಾಡಬೇಡಿ. ಹಳೆ ಸ್ವೆಟರಿನಿಂದ ಹೊಲಿದದ್ದು ಅಂತ ಮೊದಲೇ ಹೇಳಿಬಿಡಿ. ಒಳಗೆ ಒಂದು ಪಟ್ಟಿ ಹೊಲಿದು, ಉಣ್ಣೆಯೋ ಅಕ್ರಿಲಿಕ್ಕೋ, ತಣ್ಣೀರಲ್ಲಿ ಒಗೆಯಿರಿ, ಹಗ್ಗಕ್ಕೆ ಹಾಕಬೇಡಿ, ಇಷ್ಟು ಒಗೆದರೂ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಮೊದಲ ಕತ್ತರಿ ಮಾತ್ರ 11ರಲ್ಲಿ ನಿಮಗೆ ಎಲ್ಲಕ್ಕಿಂತ ಕಮ್ಮಿ ಇಷ್ಟವಾದ ಅಕ್ರಿಲಿಕ್ ಸ್ವೆಟರಿನ ಮೇಲೆ ಆಡಲಿ. ಮಗಳ ತೆಳು ಉಣ್ಣೆ ಅಲ್ಲಿಯವರೆಗೆ ಚೀಲದಲ್ಲೇ ಇರಲಿ.